ಆರಕ್ಕೇ ಕತ್ತಲು

ಮೋಟರ್ ಸುತ್ತಿಸಿದ ಬಾಕಿ ಕೊಡಲಾಗದೆ
ಹೊಳಲ್ಕೆರೆ ರಸ್ತೆಯ ಗಿರಾಕಿಯೊಬ್ಬ
ಪಂಜರ ಇಟ್ಟುಹೋದ, ಗಿಣಿ ಸಮೇತ.
ಬೂದು ಮೈ, ಹಳದಿ ಜುಟ್ಟು,
ಕೆನ್ನೆಗೆ ಯಾರೋ ಕುಂಕುಮದ ಬೆರಳು ಒರೆಸಿದ ಹಾಗೆ.
ಗಂಡು ಅಂದಿದ್ದ. ನಂಬಿದೆವು.
ತಿಪ್ಪೇಶಿ ಅಂತ ಕರೆದೆವು.
ನಾಲ್ಕು ವರ್ಷ ಒಂದು ಸಿಳ್ಳೆ ಹಾಕಲಿಲ್ಲ ತಿಪ್ಪೇಶಿ.
“ನಿಮ್ಮಪ್ಪನಂಗೆ ಕಣೋ, ಮಾತು ಕಡಿಮೆ” ಅಂದಳು ಅವ್ವ.

ಒಂದು ಸೋಮವಾರ ಬೆಳಗ್ಗೆ
ಪಂಜರದ ಮೂಲೆಯ ಹಳೇ ಪೇಪರಿನ ಮೇಲೆ
ಮೊಟ್ಟೆ.
ಅದೂ ಅವ್ವ ಲಿಂಗಪೂಜೆಗೆ ಕೂತ ಹೊತ್ತು.
ಗುರುಶಾಂತಮ್ಮನ ಮನೆಯ ಹೊಸ್ತಿಲನ್ನ
ಎಪ್ಪತ್ತು ವರ್ಷ ಯಾವ ಮೊಟ್ಟೆಯೂ ದಾಟಿರಲಿಲ್ಲ.
ಇದೂ ದಾಟಲಿಲ್ಲ,
ಒಳಗೇ ಹುಟ್ಟಿತು.

ವಿಭೂತಿ ಹಚ್ಚಿದ ಬೆರಳು ಗಾಳಿಯಲ್ಲೇ ನಿಂತು,
“ಏನಲೇ ತಿಪ್ಪೇಶಿ, ನೀನು ತಿಪ್ಪಮ್ಮನೇನೇ?”

ತೆಗೆದು ಬಿಸಾಕಿದೆ ನಾನು, ಬಚ್ಚಲ ಹಿಂದಿನ ಬಂಡೆಗೆ.
ಬುಧವಾರ ಇನ್ನೊಂದು. ಅದನ್ನೂ.
ಶುಕ್ರವಾರ ಮತ್ತೊಂದು. ಅದನ್ನೂ.
ಭಾನುವಾರ ಮೊಟ್ಟೆ ಬರಲಿಲ್ಲ.
ಗಿಣಿ ಕೋಲಿನಿಂದಿಳಿದು ತಳದಲ್ಲಿ ಕೂತಿತ್ತು,
ಪುಕ್ಕ ಉಬ್ಬಿಸಿ, ಕಣ್ಣು ಅರ್ಧ ಮುಚ್ಚಿ,
ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ.

ದನದಾಸ್ಪತ್ರೆಯಲ್ಲಿ ನಮ್ಮ ಸರದಿ
ಒಂದು ಎಮ್ಮೆ ಆದ ಮೇಲೆ, ಒಂದು ಟಗರಿನ ಮುಂಚೆ.
ಡಾಕ್ಟರ್ ಫರ್ಜಾನಾ ಕಿರುಬೆರಳಲ್ಲಿ ಹೊಟ್ಟೆ ಮುಟ್ಟಿ ಹೇಳಿದರು:
“ತೆಗೆದಷ್ಟೂ ಇಡ್ತದೆ ರೀ. ಅದಕ್ಕೆ ಲೆಕ್ಕ ಗೊತ್ತು.
ಕಮ್ಮಿ ಬಿದ್ದದ್ದನ್ನ ತನ್ನ ಎಲುಬಿನಿಂದ ತೆಗೆದು ತುಂಬ್ತದೆ.”
ಗಂಡೇ ಇಲ್ಲವಲ್ಲ, ಅಂದೆ.
“ಗಂಡು ಯಾಕೆ? ಬೆಳಕು ಸಾಕು.
ನಿಮ್ಮಂಗಡಿ ಲೈಟ್ ಆರಿಸೋದು ಎಷ್ಟೊತ್ತಿಗೆ?”

ಹನ್ನೊಂದು.
ಫ್ಯಾನುಗಳ ಕಾಲದಲ್ಲಿ ಹನ್ನೆರಡು.

ನಾಲ್ಕು ವರ್ಷ ಆ ಟ್ಯೂಬ್‌ಲೈಟಿನ ಕೆಳಗೆ
ನಾನು ತಾಮ್ರದ ತಂತಿ ಸುತ್ತುತ್ತಿದ್ದೆ,
ಎರಡು ಮೊಳ ದೂರದಲ್ಲಿ ಅದು
ಸುಗ್ಗಿ ಬಂತು, ಸುಗ್ಗಿ ಬಂತು ಅಂದುಕೊಳ್ಳುತ್ತಿತ್ತು.

ಆ ರಾತ್ರಿ ಬಿಸಿನೀರಿನ ಬಟ್ಟೆ ಹಿಂಡಿ ಹಾಸಿದೆವು,
ಬಟ್ಟೆ ಸುತ್ತಿದ ಅರವತ್ತರ ಬಲ್ಬು ಪಕ್ಕಕ್ಕಿಟ್ಟೆವು, ಬರೀ ಶಾಖಕ್ಕೆ.
ಅವ್ವ ಸೆರಗು ಹೊದ್ದು ಆಚೆ ಹೋದಳು.
ಎಲ್ಲಿಗೆ ಅಂತ ಕೇಳಲಿಲ್ಲ.
ಪಾಲಯ್ಯನ ಎಗ್ ರೈಸ್ ಗಾಡಿಯಿಂದ
ಚಿಪ್ಪು ತಂದಳು, ಪೇಪರಿನಲ್ಲಿ ಕಟ್ಟಿ,
ಕುದಿಸಿ, ಒಣಗಿಸಿ,
ತನ್ನ ಎಲೆಅಡಿಕೆಯ ಕುಟ್ಟಾಣಿಯಲ್ಲೇ ಕುಟ್ಟಿದಳು.
“ಹುಣಸೆಹಣ್ಣು ಹಾಕಿ ತಿಕ್ಕಿದ್ರಾತು” ಅಂದಳು,
ನನಗಲ್ಲ, ದೇವರ ಗೂಡಿನ ಕಡೆ ತಿರುಗಿ.

ಎರಡೂವರೆಗೆ ಬಂತು ನಾಲ್ಕನೆಯದು.

ಅದನ್ನ ಬಿಟ್ಟೆ. ಆದರೂ ಹುಡುಕುತ್ತಿತ್ತು,
ಕತ್ತು ವಾಲಿಸಿ, ಆ ಕಡೆ, ಈ ಕಡೆ.
ಹಳೇ ವೈರಿಂಗಿನ ಪಿಂಗಾಣಿ ಗುಂಡು ಮೂರು ಆರಿಸಿ
ಸಾಣೆಗೆ ಹಿಡಿದು ಮೂಲೆ ಸವೆಸಿ
ಪಕ್ಕದಲ್ಲಿಟ್ಟೆ.
ಕೊಕ್ಕಿನಿಂದ ಒಂದೊಂದನ್ನೇ ಹೊರಳಿಸಿ ನೋಡಿತು.
ಮೋಸ ಹೋಯಿತೋ, ನನ್ನನ್ನು ಕ್ಷಮಿಸಿತೋ,
ಕಾವಿಗೆ ಕೂತಿತು.

ಅಂದಿನಿಂದ ಬುರುಜನಹಟ್ಟಿಯಲ್ಲಿ
ಆರಕ್ಕೇ ಕತ್ತಲಾಗುವುದು ನಮ್ಮ ಅಂಗಡಿಗೆ.
ಪಂಜರಕ್ಕೆ ಅವ್ವನ ಹಳೇ ಇಳಕಲ್ ಸೀರೆ.
ಮಿಕ್ಸಿ ಕೇಳಲು ಬಂದವರು ಬೈದು ಹೋಗುತ್ತಾರೆ.
ನಾನು ಮೆಟ್ಟಿಲ ಮೇಲೆ, ಸುಮ್ಮನೆ.
ಜೋಗಿಮಟ್ಟಿ ಕಡೆಯಿಂದ ಗಾಳಿ,
ಗುಡ್ಡದ ಫ್ಯಾನುಗಳ ಕೆಂಪು ದೀಪ.
ಕೂತ ಬಂಡೆ ಬೆಚ್ಚಗಿದೆ;
ಹಗಲೆಲ್ಲ ಕುಡಿದ ಬಿಸಿಲನ್ನ
ಈಗ ಬಿಡುತ್ತಿದೆ ನಿಧಾನ.
ಯಾವುದರ ಮೇಲೆ ಕಾವು ಕೂತಿವೆಯೋ ಈ ಊರಿನ ಬಂಡೆಗಳು,
ಏನು ಒಡೆದು ಬರಲೆಂದು!

ಇಪ್ಪತ್ತೆರಡನೇ ದಿನ ತಾನಾಗೇ ಎದ್ದು
ಕೋಲಿಗೆ ಹತ್ತಿತು, ನವಣೆ ತಿಂದಿತು.
ನಿಜದ್ದೊಂದನ್ನ ಅವ್ವ ಒಯ್ದಳು.
ಪತ್ರೆ ಗಿಡದ ಬುಡದ ಮಣ್ಣು ಮಾರನೇ ದಿನ ಹಸಿಯಾಗಿತ್ತು.
ಪಿಂಗಾಣಿಯ ಮೂರು ಡಬ್ಬಿಗೆ ಹಾಕುವಾಗ
ಕೈಗೆ ಬೆಚ್ಚಗಿದ್ದವು.

ಒಂಬತ್ತರ ತನಕ ಉರಿಸಬಹುದು ಇನ್ನು ಅಂದಿದ್ದಾರೆ ಡಾಕ್ಟರ್.
ಕೆಲಸ ರಾಶಿ ಬಿದ್ದಿದೆ.
ಸ್ವಿಚ್ಚಿನ ಹತ್ತಿರ ಕೈ ಹೋಗುತ್ತದೆ,
ಸೀರೆಯೊಳಗಿಂದ ರೆಕ್ಕೆ ಒಮ್ಮೆ ಕೊಡವಿದ ಸದ್ದು.
ಇರಲಿ, ನಾಳೆ.