ತೊರೆ ಕೂಡುವ ಕಡೆ

ಬೆಳಗಿನ ಐದೂವರೆ. ಸೇತುವೆಯ ಕೆಳಗೆ
ರೆಗುಲಾ ದಾರಕ್ಕೆ ಕಟ್ಟಿದ ಥರ್ಮಾಮೀಟರು ಮೇಲೆಳೆದು
ಕನ್ನಡಕ ಹಣೆಗೇರಿಸಿ ಓದುತ್ತಾಳೆ:
ಇಪ್ಪತ್ನಾಲ್ಕು ಪಾಯಿಂಟ್ ಆರು.
ನಿನ್ನೆ ಸಂಜೆಯೂ ಅಷ್ಟೇ ಇತ್ತು.
ನಡುವೆ ಒಂದು ಇರುಳು ಬಂದು ಹೋಯಿತು,
ಏನೂ ಮಾಡಲಿಲ್ಲ.

ಮನುಷ್ಯರ ಮೈಗೆ ಹಿತವಾದ ನೀರು.
ಶಾಫ್‌ಹೌಸನ್ನಿನ ಮಂದಿ ಕೆಲಸ ಮುಗಿಸಿ
ಅಂಗಿ ಬೂಟು ಎಲ್ಲ ರಬ್ಬರು ಚೀಲಕ್ಕೆ ತುರುಕಿ
ಚೀಲವನ್ನೇ ತಬ್ಬಿಕೊಂಡು
ರೈನ್ ನದಿಯಲ್ಲಿ ತೇಲುತ್ತ ಮನೆಗೆ ಹೋಗುತ್ತಾರೆ,
ಒಬ್ಬರ ಹೆಸರೊಬ್ಬರು ಕೂಗುತ್ತ.
ಅವರ ಹೊಟ್ಟೆಯಡಿ, ಆಳುದ್ದ ಕೆಳಗೆ,
ಅದೇ ನೀರಲ್ಲಿ ಉಸಿರು ಸಾಲದೆ
ಬಾಯಿ ತೆರೆದು, ಮುಚ್ಚಿ, ತೆರೆದು
ನಿಂತಿರುತ್ತದೆ ಬೂದುಬಣ್ಣದ ಮೀನು.

ಇವರ ಮಾತಲ್ಲಿ ಅದು ಆ್ಯಶೆ.
ಮೊದಲ ದಿನ ನನಗೆ ಆಶೆ ಎಂದೇ ಕೇಳಿಸಿತ್ತು.
ನಮ್ಮಲ್ಲಿ ಹಾಗೆಂದರೆ ಏನು ಅಂತ ಹೇಳಿದೆ.
ಮುದುಕ ಕೋಬಿ ಗಂಟಲಲ್ಲೇ ನಕ್ಕ:
ನಮ್ಮಲ್ಲಿ ಅಕ್ಷರದ ನೆತ್ತಿಯ ಮೇಲೆ
ಎರಡು ಚುಕ್ಕೆ ಇವೆ ನೋಡು,
ಒರೆಸಿಬಿಟ್ಟರೆ ಬರೀ ಬೂದಿ.

ಜೀವಂತ ಆ್ಯಶೆಗೆ ಓಮದ ವಾಸನೆ.
ಸುಳ್ಳಲ್ಲ, ಒದ್ದೆ ಬಲೆಯಲ್ಲಿ ಎತ್ತಿ ಮೂಸಿದ್ದೇನೆ:
ಬಾಣಂತಿ ಕೋಣೆಯ ಬಾಗಿಲು ಒಂದಿಷ್ಟು ಸರಿದಂತೆ.

ನಲವತ್ತು ವರ್ಷ ಇದೇ ದಡದಲ್ಲಿ
ಕೋಬಿ ಇವನ್ನು ಗಾಳ ಹಾಕಿ ಹಿಡಿದ.
ಈಗ ಮಡಚು ಕುರ್ಚಿ ಹಾಕಿ ಕಾಯುತ್ತಾನೆ.
ಕಾಡಿನ ನೆರಳಿಂದ ಗಿರಣಿಯ ತೊರೆ ಇಳಿದು
ದೊಡ್ಡ ನದಿಗೆ ಕೂಡುವ ಕಡೆ
ಜೆಸಿಬಿ ತಂದು ತೋಡಿಸಿದ್ದಾರೆ ಒಂದು ಗುಂಡಿ,
ಸುತ್ತ ಕೆಂಪು ಹಗ್ಗ.
ಅಲ್ಲಿ ಹತ್ತೊಂಬತ್ತು ಡಿಗ್ರಿ.
ಮೀನೆಲ್ಲ ಅಲ್ಲಿಗೇ,
ಪಕ್ಕೆಗೆ ಪಕ್ಕೆ ಒತ್ತಿ, ಎಲ್ಲ ಮೂತಿಗಳೂ ತೊರೆಯ ಕಡೆಗೆ.

ನಾಯಿ ಬಂದರೆ ಗದರುತ್ತಾನೆ.
ಹುಡುಗರು ಬಂದರೆ ಇನ್ನೂ ಜೋರಾಗಿ.
ಬ್ಲೆರ್ಟಾ ಬಂದಳು ಒಂದು ಮಧ್ಯಾಹ್ನ,
ಎಂಟು ತಿಂಗಳ ಬಸುರಿ,
ಸೂರಿನಡಿಯ ಮನೆ, ಮೂರು ರಾತ್ರಿಯಿಂದ ನಿದ್ದೆಯಿಲ್ಲ.
ಪಾದ ಮಾತ್ರ, ಅಂದಳು. ಐದೇ ನಿಮಿಷ.

ಕೋಬಿ ಹಗ್ಗದ ಮೇಲೆ ಕೈಯಿಟ್ಟ.
ಒಂದು ನೆರಳು ಅಲ್ಲಾಡಿದರೂ ಬೆದರಿ
ಬಿಸಿ ನೀರಿಗೆ ನುಗ್ಗುತ್ತವೆ,
ನುಗ್ಗಿದವು ತಿರುಗಿ ಬರುವುದಿಲ್ಲ.
ಅವಳ ಪಾದ ನೋಡಿದ:
ಹುದುಗು ಬಂದ ಹಿಟ್ಟಿನಂತೆ ಊದಿವೆ,
ಚಪ್ಪಲಿಯ ಪಟ್ಟಿ ಒಳಗಿಳಿದಿದೆ.
ಏನೂ ಹೇಳದೆ ಎದ್ದ.
ಬಕೆಟ್ ಹಿಡಿದು ತೊರೆಯ ಗುಂಟ ಮೇಲೆ ಹೋದ,
ಮೊಳಕಾಲು ಹಿಡಿದುಕೊಳ್ಳುತ್ತ ಇಳಿದ,
ತನ್ನ ಕುರ್ಚಿಯಲ್ಲೇ ಕೂರಿಸಿ
ಕಾಲ ಬುಡಕ್ಕೆ ಬಕೆಟ್ ಸರಿಸಿದ.

ಆಮೇಲೆ ದಿನವೂ ಒಂದು ಬಕೆಟ್.
ಬಳಸಿದ ನೀರನ್ನು ಹುಲ್ಲಿಗೆ ಚೆಲ್ಲುವನು, ನದಿಗಲ್ಲ.
ಅಷ್ಟು ತಣ್ಣೀರು ತಪ್ಪಿದ್ದಕ್ಕೆ
ಒಂದಾದರೂ ಮೀನು ಸತ್ತಿರಬಹುದೇ? ಕೇಳಿದ ಒಮ್ಮೆ.
ಇಲ್ಲ, ಅಂದಳು ರೆಗುಲಾ,
ಲೆಕ್ಕ ಹಾಕದೆಯೇ.

ಏಳನೆಯ ದಿನ ಇಪ್ಪತ್ತಾರು.
ನಸುಕಿನಲ್ಲಿ ನದಿಯ ತುಂಬ ಬಿಳಿ ಹೊಟ್ಟೆಗಳು
ಮೆಲ್ಲಗೆ ಸೇತುವೆ ದಾಟಿ ಹೋಗುತ್ತಿದ್ದವು,
ಸಂಜೆ ಜನ ತೇಲಿ ಹೋಗುವ ದಾರಿಯಲ್ಲೇ.
ದೋಣಿಯಲ್ಲಿ ನಿಂತು ಬಲೆಯಿಂದ ಎತ್ತಿದೆವು,
ನೀಲಿ ಡ್ರಮ್ಮಿಗೆ ಹಾಕಿದೆವು.
ಕೋಬಿ ಒಂದೊಂದನ್ನೇ ಕೈಯಲ್ಲಿ ತೂಗಿ
ಇದು ಹೆಣ್ಣು, ಅನ್ನುವನು.
ಇದೂ.
ಬೆನ್ನಿನ ರೆಕ್ಕೆ ಬಿಡಿಸಿ ತೋರಿಸಿದ:
ನೇರಳೆಯ ಚುಕ್ಕಿಗಳು ಆಗಲೇ ಮಾಸಿದ್ದವು.
ನಾನು ನನ್ನ ಕೈ ಮೂಸಿಕೊಂಡೆ.
ಓಮದ ವಾಸನೆ ಇರಲಿಲ್ಲ.

ರಾತ್ರಿ ಗುಂಡಿಯ ದಡದಲ್ಲಿ ಬಗ್ಗಿ
ಟಾರ್ಚಿಗೆ ಕೆಂಪು ಕಾಗದ ಸುತ್ತಿ
ಉಳಿದವನ್ನು ಎಣಿಸಿದರು ಇಬ್ಬರೂ.
ಅವಳು ಮೂವತ್ತೆಂಟು ಅಂದಳು,
ಅವನು ನಲವತ್ತೊಂದು.
ಮತ್ತೆ ಎಣಿಸಿದರು. ಅವಳದು ಮೂವತ್ತೆಂಟು,
ಅವನದು ನಲವತ್ತೊಂದು.
ಪುಸ್ತಕದಲ್ಲಿ ಮೂವತ್ತೆಂಟೇ ಬಿತ್ತು.
ಮಿಕ್ಕ ಮೂರು ಕೋಬಿಯವು.