ಕೇಳುವುದು

ಸೆವಾನ್ ಸರೋವರದ ತೆಂಕಣ ದಂಡೆ.
ಮಾರ್ಚ್ ಮುಗಿದರೂ ಹಿಮ ಜಾಗ ಬಿಟ್ಟುಕೊಡದ ಊರು.
ನಾನು ಶುಶಾನಿಕ್, ಅರವತ್ತಮೂರು.
ನೆಲದಲ್ಲಿ ಹೂತ ತೊನೀರ್ ಒಲೆಯ ಬಾಯಿಗೆ ಬಗ್ಗಿ
ದಿನಕ್ಕೆ ಇನ್ನೂರು ಲವಾಶ್ ರೊಟ್ಟಿ ಬಡಿಯುತ್ತೇನೆ.
ಬಲಗಡೆಯ ಹುಬ್ಬು ಸುಟ್ಟು ಒಂಬತ್ತು ವರ್ಷ,
ಮತ್ತೆ ಚಿಗುರಲಿಲ್ಲ.

ನಮ್ಮೂರಲ್ಲಿ ದೇವರು ಎಲ್ಲರೊಡನೆ ಮಾತಾಡಿದ್ದಾನೆ,
ನನ್ನೊಬ್ಬಳನ್ನು ಬಿಟ್ಟು.

ಅತ್ತೆ ಸಾತೆನಿಕ್‌ಗೆ ಕನಸಿನಲ್ಲಿ:
ಬಿಳಿ ನಿಲುವಂಗಿಯವನೊಬ್ಬ ಬಂದು
ಕಳೆದ ಬೆಳ್ಳಿ ಚಮಚ ಹಿಟ್ಟಿನ ಡಬ್ಬದಲ್ಲಿದೆ ಎಂದನಂತೆ.
ಇತ್ತು.
ಪಾದ್ರಿ ಘೆವೊಂದರಿಗೆ ಪುಸ್ತಕದಲ್ಲಿ:
ಕನ್ನಡಕ ಒರೆಸಿ ತೆರೆದರೆ
ಬೇಕಾದ ಪುಟವೇ ಬಾಯಿ ಬಿಡುತ್ತದೆ.
ಗಾರೆ ಕೆಲಸದ ವರಜ್ದಾತನ ಕತ್ತೆ
ಭೂಕಂಪದ ಬೆಳಿಗ್ಗೆ ಅಂಗಳದಲ್ಲೇ ಕಾಲೂರಿ
ಏನು ಹೊಡೆದರೂ ಕದಲಲಿಲ್ಲ.
ಅವನು ಬಯ್ಯುತ್ತ ಹೊರಗೆ ನಿಂತಿದ್ದಾಗಲೇ
ಹಿಂದೆ ಮನೆ ಕುಸಿಯಿತು.
ಬಿಳಾಮನ ಕತ್ತೆಯ ವಂಶದ್ದಿರಬೇಕು, ಎನ್ನುತ್ತಾನೆ ಈಗಲೂ,
ಅದರ ಹೆಸರು ಬಂದಾಗ ಟೋಪಿ ತೆಗೆದು.
ನೋರಾಳ ಮಗಳಿಗೆ ಮಾತೂ ಬೇಡ.
ಮರಳಿನ ತಟ್ಟೆಗೆ ಮೇಣದಬತ್ತಿ ಚುಚ್ಚುವಾಗ
ಎದೆಯಲ್ಲೇನೋ ಬೆಚ್ಚಗಾಗುತ್ತದಂತೆ,
ಅವಳಿಗೆ ಅಷ್ಟು ಸಾಕು.

ನನಗೆ ಸಾಲದು.
ನಲವತ್ತು ವರ್ಷ ಕಿವಿ ನಿಮಿರಿಸಿ ಕಾದೆ.
ಗೋರಿಗಳ ನಡುವೆ, ಅಜ್ಜನ ಅಜ್ಜ ಕೆತ್ತಿದ
ಕಲ್ಲುಶಿಲುಬೆಗೆ ಕೆನ್ನೆಯೊತ್ತಿ ನಿಂತೆ ಒಂದು ಸಂಜೆ.
ಕಿವಿ ಮರಗಟ್ಟಿತು.
ಕಲ್ಲು ಕಲ್ಲಿನ ಹಾಗೇ ಇತ್ತು.

ಉಪವಾಸದ ಐದನೇ ವಾರ, ತಡೆಯಲಾರದೆ,
ಪಾದ್ರಿಯ ಅಡುಗೆಮನೆಗೇ ನುಗ್ಗಿದೆ.
ಬೇಡಿದವರಿಗೆಲ್ಲ ಉತ್ತರ, ನನಗೇಕಿಲ್ಲ?
ಚಹಾಕ್ಕೆ ಊದುತ್ತ ಹೇಳಿದರು:
ಅವನು ಹೆಚ್ಚಾಗಿ ಕೇಳುವವನು, ಶುಶಾನಿಕ್.

ಆಲಿಸುವವನು ಎಂದುಕೊಂಡು ಮನೆಗೆ ಬಂದೆ.
ಸಮಾಧಾನವಾಗಲಿಲ್ಲ.
ರಾತ್ರಿ ಹಿಟ್ಟು ನಾದುವಾಗ
ಮಾತು ಮಗ್ಗುಲು ಬದಲಿಸಿತು.

ಹೌದಲ್ಲ.
ತೋಟದಲ್ಲಿ ಎಲೆ ಹೊದ್ದು ಅಡಗಿದವನಿಗೆ
ಅವನು ಮೊದಲು ಕೇಳಿದ್ದು: ಎಲ್ಲಿದ್ದೀ?
ಮೋಶೆಗೆ: ಕೈಯಲ್ಲೇನದು?
ಗವಿ ಸೇರಿ ಮುದುರಿದ ಎಲೀಯನಿಗೆ,
ಬಿರುಗಾಳಿಯೂ ಬೆಂಕಿಯೂ ಅಬ್ಬರಿಸಿ ಹೋದ ಮೇಲೆ,
ಪಿಸುಮಾತಿನಲ್ಲೊಂದು: ಇಲ್ಲೇನು ಮಾಡುತ್ತಿದ್ದೀ?
ಕೋಳಿ ಕೂಗುವ ಮೊದಲೇ ಜಾರಿಕೊಂಡ ಪೇತ್ರನಿಗೆ,
ಮೀನು ಸುಟ್ಟು ಬಡಿಸಿ, ಅದೇ ಪ್ರಶ್ನೆ ಮೂರು ಸಲ.
ಬರಿದಾದ ಗೋರಿಯ ಬಳಿ ಮರಿಯಳಿಗೆ: ಅಳುವುದೇಕಮ್ಮ?
ಎಲ್ಲ ಬಲ್ಲವನು
ಏನೂ ಅರಿಯದ ಮಗುವಿನ ಹಾಗೆ.

ಕಾಯಿನನಿಗೆ ಕೇಳಿದ್ದೂ ನೆನಪಾಯಿತು.
ಅಲ್ಲಿಗೆ ನಿಲ್ಲಿಸಿ
ಹಿಟ್ಟಿನ ಮೇಲೆ ಬಟ್ಟೆ ಎಳೆದು ಮಲಗಿದೆ.

ಮರುದಿನ ಹಿಟ್ಟಿನ ಮೂಟೆ ತಂದ ಹುಡುಗ ತಾತುಲ್,
ಹತ್ತು ವರ್ಷ, ಮುಂದಿನ ಹಲ್ಲೆರಡಿಲ್ಲ.
ಬಾಗಿಲಲ್ಲೇ ನಿಂತ:
ಅಜ್ಜಿ, ನಿನಗೊಬ್ಬ ತಮ್ಮ ಇದ್ದಾನಾ?
ದೋಣಿಕಟ್ಟೆಯಲ್ಲೊಬ್ಬ ಮುದುಕ
ನಿನ್ನ ಹಾಗೇ ಮುಂಗೈಯಲ್ಲಿ ಮೂಗು ಒರೆಸುತ್ತಾನೆ.

ಒಲೆಯ ಗೋಡೆಗಂಟಿದ್ದ ರೊಟ್ಟಿ
ಕಪ್ಪಾಗಿ ಕೆಂಡಕ್ಕೆ ಬಿತ್ತು.

ವಾಚೆ. ಅಪ್ಪನ ದೋಣಿಗಾಗಿ
ಹನ್ನೊಂದು ವರ್ಷ ಮಾತು ಬಿಟ್ಟವನು.
ಅಲ್ಲ, ಬಿಟ್ಟವಳು ನಾನು.

ಆರು ಲವಾಶ್ ಬಟ್ಟೆಯಲ್ಲಿ ಸುತ್ತಿ ಹೊರಟೆ.
ದಾರಿಯುದ್ದಕ್ಕೂ ಮಾತು ಹೊಂದಿಸಿದೆ,
ಒಂದೂ ನಿಲ್ಲಲಿಲ್ಲ.
ಸರೋವರದ ಅಂಚಿನ ಮಂಜುಗಡ್ಡೆ
ಒಡೆಯುತ್ತ ಕಟಕಟ ಎನ್ನುತ್ತಿತ್ತು.
ಅದೂ ಏನಾದರೂ ಹೇಳುತ್ತಿದೆಯೇ ಎಂದು
ಈ ಸಲ ನಿಂತು ಆಲಿಸಲಿಲ್ಲ.

ಬಾಗಿಲು ತಟ್ಟಿದೆ.
ತೆರೆದ. ನೋಡಿದ. ತುಂಬ ಹೊತ್ತು ನೋಡಿದ.
ಆಮೇಲೆ ಬೆರಳೆತ್ತಿ, ಮುಟ್ಟದೆ,
ನನ್ನ ಬಲಗಣ್ಣಿನ ಮೇಲೆ ಗಾಳಿಯಲ್ಲಿ ಗೆರೆಯೆಳೆದು
ಕೇಳಿದ:

ನಿನ್ನ ಹುಬ್ಬು ಎಲ್ಲಿ, ಅಕ್ಕಾ?