ಚೆಲವು ಸಹಿತ

ಆಜ್ಞೆ ಬಂದದ್ದು ಮಲೆಯಾಳದಲ್ಲಿ.
ಓದಿ ಹೇಳುವುದು ನನ್ನ ಕೆಲಸ, ಪುಟಕ್ಕೆ ನಲ್ವತ್ತು ರೂಪಾಯಿ.
ವಿದ್ಯಾನಗರದ ಕೋರ್ಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ
ಬೆಂಚಿನ ಮೇಲೆ ಅಡೂರಿನ ದೂಮಣ್ಣ ರೈಗಳು,
ಮಡಿಲಲ್ಲಿ ಕೊಡೆ, ಒಂದು ಕಿವಿ ನನ್ನ ಕಡೆಗೆ.

‘ಚೆಲವು ಸಹಿತಂ ತಳ್ಳಿ’ ಎಂದು ಓದಿದೆ.
‘ಚೆಲುವಾ?’ ಎಂದರು, ನಕ್ಕರು.
‘ಸೋತವನಿಗೆ ಚೆಲುವೂ ಕೊಡ್ತಾರಾ ತಿರುವನಂತಪುರದವರು?’

ಚೆಲವೆಂದರೆ ಖರ್ಚು, ರೈಗಳೇ.
ಮೂರು ಸಾವಿರದ ಇನ್ನೂರು, ಮೂವತ್ತು ದಿನದೊಳಗೆ.
ಅರ್ಜಿ ಹಿಂತೆಗೆದಿರಿ, ಕಾರಣ ಹೇಳಲಿಲ್ಲ.
ಸರ್ಕಾರದ ಕಡೆಯವರು ಎರಡು ಸಲ ಫೈಲು ಹೊತ್ತು
ಮಾವೇಲಿ ಗಾಡಿಯಲ್ಲಿ ಹೋಗಿ ಬಂದಿದ್ದಾರೆ.
ಅದರ ಟಿಕೇಟು, ಭತ್ಯೆ, ವಕೀಲರದ್ದು ಬೇರೆ.

ಕಾರಣ ನನಗೆ ಗೊತ್ತಿತ್ತು.

ಅರ್ಜಿ ಬರೆದವನೂ ನಾನೇ.
ಏಳನೆಯ ಪ್ಯಾರಾ: ‘ನಲ್ವತ್ತು ವರ್ಷದಲ್ಲಿ
ಕಣ್ಣಿಟ್ಟು ನೋಡದೆ ಒಂದು ತೋಟೆಯನ್ನೂ ಹಾರಿಸಿದವನಲ್ಲ.
ನೆರೆಯ ಬಾಬು ಮಣಿಯಾಣಿಯ ದೂರು ಹಗೆಯಿಂದ ಹುಟ್ಟಿದ್ದು.’
ಹಗೆ ಎಂಬ ಮಾತು ಅವರದ್ದಲ್ಲ, ನನ್ನದು.
ಬರೀ ಸುಳ್ಳು ಎಂದರೆ ತೂಕ ಸಾಲದು ಅನಿಸಿತ್ತು.

ಮಣಿಯಾಣಿ ಬರೆದುಕೊಟ್ಟದ್ದು ಇಷ್ಟೇ:
ರಾತ್ರಿ ಹನ್ನೊಂದಕ್ಕೆ ಮರಗೆಣಸಿನ ಬದುವಿನಲ್ಲಿ
ಬಗ್ಗಿ ಪಂಪಿನ ವಾಲ್ವು ತಿರುಗಿಸುತ್ತಿದ್ದೆ, ಬಾಯಲ್ಲಿ ಬೀಡಿ.
ತಲೆಯ ಮೇಲಿಂದ ಹೋಗಿ ಹಲಸಿನ ಮರ ಹೊಕ್ಕಿತು.

ಪರವಾನಗಿ ನವೀಕರಣವಿಲ್ಲ ಎಂದಿತು ಕಲೆಕ್ಟರೇಟು.
ರೈಗಳು ಕೆಂಡ. ‘ಹಂದಿ ಇವರ ಮೇಜು ಅಗೆಯಲಿ, ಆಗ ತಿಳೀತದೆ.’
ಮೇಲೆ ಹೋಗುವ, ಎಷ್ಟಾದರೂ ಆಗಲಿ ಎಂದರು.

ಆಮೇಲೊಂದು ದಿನ ಠಾಣೆಯಿಂದ ಕರೆ.
ಚುನಾವಣೆಗೆ ಒಪ್ಪಿಸಿದ ಕೋವಿಯ ನಂಬರು ತಾಳೆ ನೋಡಬೇಕು.
ಒಂಟಿ ನಳಿಗೆ, ಮಾವನ ಕಾಲದ್ದು,
ಕೊರಳಿಗೆ ದಾರ ಕಟ್ಟಿ ಚೀಟಿ.
ಪೊಲೀಸು ಹುಡುಗಿ ‘ಓದಿ ಅಜ್ಜಾ’ ಎಂದಳು.

ಹತ್ತಿರ ತಂದರು. ದೂರ ಹಿಡಿದರು.
ಕಿಟಕಿಯ ಬೆಳಕಿಗೆ ತಿರುಗಿಸಿ ಹೆಬ್ಬೆರಳಿನಲ್ಲಿ ತಡವಿದರು.
‘ನಾಲ್ಕು. ಆಮೇಲೆ ಏಳಾ? ನೀನೇ ಓದು ಮಗಾ.’
ಅವಳು ಓದಿದಳು. ಮೂರು, ಒಂದು, ಒಂದು, ಎಂಟು.

ಹೊರಗೆ ಅರ್ಧ ಗಂಟೆ ಮಾತಿಲ್ಲ.
ಬಸ್ಸು ಬಂದು ನಿಂತ ಮೇಲೆ ಕೇಳಿದರು, ಇದು ಮುಳ್ಳೇರಿಯದ್ದಾ?
ಸೀಟಿನಲ್ಲಿ ಕೂತು: ‘ಆ ಏಳನೆಯದ್ದು ತೆಗೀಲಿಕ್ಕಾಗ್ತದಾ?’
ಒಂದನ್ನೇ ತೆಗೆಯಲಿಕ್ಕೆ ಬರುವುದಿಲ್ಲ, ಪ್ರಮಾಣ ಆಗಿದೆ ಎಂದೆ.
‘ಹಾಗಾದರೆ ಇಡೀ ತೆಗೆ.’

‘ಪಿನ್‌ವಲಿಚ್ಚು’ ಎನ್ನುತ್ತದೆ ಆಜ್ಞೆ. ಹಿಂದಕ್ಕೆಳೆದರು ಎಂದರ್ಥ.
ಕೋವಿಯ ಕುದುರೆಯನ್ನು ಎಳೆಯುವುದೂ ಹಾಗೆಯೇ,
ಬೆರಳು ಬರುವುದು ತನ್ನ ಕಡೆಗೆ.

ಇನ್ನೂ ದಾರಿಯಿದೆ, ರೈಗಳೇ, ಎಂದೆ.
ಕಣ್ಣಿನ ಡಾಕ್ಟರ ಚೀಟಿ ಇಟ್ಟು ಒಂದು ಪುಟ ಹಾಕುವ,
ಖರ್ಚು ಮನ್ನಾ ಆದೀತು.

‘ಬೇಡ’ ಎಂದರು.
‘ಬೀಡಿಯ ಕೆಂಡ ನನಗೆ ಹಂದಿಯ ಕಣ್ಣಾಗಿ ಕಂಡದ್ದು.
ಅದಕ್ಕೆ ಮೂರು ಸಾವಿರ ಕಮ್ಮಿ ಮಾರಾಯ.’
ಸ್ವಲ್ಪ ಬಿಟ್ಟು, ‘ಇದನ್ನು ಬಾಬುವಿಗೇ ಕಟ್ಟಲಿಕ್ಕೆ ಆಗುದಿಲ್ವಾ?’

ಚಲನ್ ತಿರುಗಿಸಿ ನೋಡಿದೆ.
ಸರ್ಕಾರದ ಖಾತೆ, ಉಪಖಾತೆ, ಪಾವತಿಸುವವನ ಹೆಸರು.
ಬಾಬುವಿಗೆ ಅದರಲ್ಲಿ ಕಾಲಮ್ಮಿಲ್ಲ.

ಹಗೆ ಎಂದು ಬರೆದವನಿಗೆ ಯಾರೂ ಚೆಲವು ವಿಧಿಸಲಿಲ್ಲ.
ಎರಡು ಪುಟದ ಎಂಬತ್ತು ರೂಪಾಯಿ
ಬೇಡವೆಂದರೂ ಜೇಬಿಗೆ ತುರುಕಿದರು.

ಆಮೇಲೆ ಸೊಂಟದ ಪಟ್ಟಿಯಿಂದ ನೋಟಿನ ಕಟ್ಟು ಬಿಚ್ಚಿ
ಒಂದೊಂದನ್ನೇ ಬಿಸಿಲಿಗೆ ಎತ್ತಿ ಹಿಡಿದರು:
‘ಇದು ಇನ್ನೂರಾ, ಐನೂರಾ? ನೀನೇ ನೋಡು.’